ಬಿಂಬುಳಿ ರಸ ಕುಡಿಯುವವರು ದಯವಿಟ್ಟು ಇದನ್ನು ಓದಿ

ನಮ್ಮ ಬಾವಿಕಟ್ಟೆ ಪಕ್ಕ ಒಂದು ಬಿಂಬುಳಿ ಮರ ಇದೆ. ಕಾಂಡದ ತುಂಬ ಗೊಂಚಲು ಗೊಂಚಲು ಕಾಯಿ. ಮೀನಿನ ಸಾರಿಗೆ ನಾಲ್ಕು, ಉಪ್ಪಿನಕಾಯಿಗೆ ಒಂದಿಷ್ಟು, ಉಳಿದದ್ದು ಬಿದ್ದು ಕೊಳೆಯುತ್ತಿತ್ತು. ಕಳೆದ ವರ್ಷ ಯಾರೋ ಅಪ್ಪನಿಗೆ, ಇದರ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದರು. ಮರುದಿನದಿಂದಲೇ ಖಾಲಿ ಹೊಟ್ಟೆಗೆ ದೊಡ್ಡ ಲೋಟ ರಸ. ಹನಿ ನೀರೂ ಬೆರೆಸುತ್ತಿರಲಿಲ್ಲ.

ಅಪ್ಪನಿಗೆ ಬಿಪಿಗೆ ಟೆಲ್ಮಿಸಾರ್ಟಾನ್ ನಡೆಯುತ್ತಿತ್ತು. ಮಂಡಿನೋವು ಜಾಸ್ತಿಯಾದರೆ ತಾವೇ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರು. ಆ ವಾರ ದಿನವೂ ನುಂಗಿದ್ದರು.

ಐದನೇ ದಿನ ಬಿಕ್ಕಳಿಕೆ ಶುರುವಾಯಿತು. ನೀರು ಕುಡಿಸಿದೆವು, ಸಕ್ಕರೆ ತಿನ್ನಿಸಿದೆವು, ರಾತ್ರಿಯಿಡೀ ನಿಲ್ಲಲಿಲ್ಲ. ಗ್ಯಾಸ್ ಇರಬೇಕು ಅಂತ ಸುಮ್ನೆ ಕೂತೆವು. ಬೆಳಿಗ್ಗೆ ವಾಂತಿ, ಸೊಂಟನೋವು. ಅಪ್ಪ ನಿನ್ನೆಯಿಂದ ಮೂತ್ರಕ್ಕೇ ಎದ್ದಿಲ್ಲ ಎಂದು ಗಮನಿಸಿದ್ದು ಅಮ್ಮ. ಆಸ್ಪತ್ರೆಯಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಅಂಶ) 7.8 ಬಂತು. ಆರು ತಿಂಗಳ ಹಿಂದೆ 1.0 ಇತ್ತು.

ಏನೇನು ತಗೊಳ್ತಾರೆ ಎಂದು ಡಾಕ್ಟರ್ ಕೇಳಿದಾಗ ಮಾತ್ರೆಗಳ ಹೆಸರಷ್ಟೇ ಹೇಳಿದೆವು. ಬಿಂಬುಳಿ ನೆನಪಿಗೂ ಬರಲಿಲ್ಲ. ಅಂಗಳದ ಕಾಯಿ ಅಲ್ವಾ, ಅದನ್ನು ಔಷಧಿ ಎಂದು ಯಾರು ಅಂದುಕೊಳ್ಳುತ್ತಾರೆ? ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಆಕ್ಸಲೇಟ್ ಹರಳು ಕಂಡ ಮೇಲೆ ಅವರೇ ಕೇಳಿದರು: "ಬಿಂಬುಳಿ ರಸ ಏನಾದರೂ ಕುಡಿದಿದ್ದಾರಾ?" ಅಮ್ಮ ಅಲ್ಲೇ ಅತ್ತುಬಿಟ್ಟರು. ದಿನಾ ಹಿಂಡಿ ಕೊಟ್ಟಿದ್ದು ಅವರೇ.

ಡಾಕ್ಟರ್ ಹೇಳಿದ್ದು ಇಷ್ಟು. ಬಿಂಬುಳಿಯಲ್ಲಿ ಆಕ್ಸಲಿಕ್ ಆಮ್ಲ ಬಹಳ. ಲೋಟಗಟ್ಟಲೆ ಗಟ್ಟಿ ರಸ ಹೋದರೆ ಅದು ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ. ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬಿಪಿಯ ಆ ಮಾತ್ರೆ ಕಿಡ್ನಿಯ ಸೋಸುವ ಒತ್ತಡವನ್ನು ಇಳಿಸುತ್ತದೆ. ಬಿಪಿ ಮಾತ್ರೆ ಒಂದರಿಂದಲೇ ಅಪ್ಪನಿಗೆ ಏನೂ ಆಗಿರಲಿಲ್ಲ. ಮೂರೂ ಸೇರಿದವು, ಮೇಲೆ ವಾಂತಿಯಾಗಿ ಮೈಯಲ್ಲಿ ನೀರೂ ಇಲ್ಲ.

ಕೇರಳದಲ್ಲಿ ಇದನ್ನು ಇರುಂಬನ್ ಪುಳಿ ಅನ್ನುತ್ತಾರೆ. ಇದೇ ರಸ ಕುಡಿದು ಕಿಡ್ನಿ ಕೆಟ್ಟ 10 ಜನರ ವಿವರವನ್ನು ಅಲ್ಲಿನ ಡಾಕ್ಟರುಗಳು 2013ರಲ್ಲೇ ಪ್ರಕಟಿಸಿದ್ದಾರೆ. 7 ಜನಕ್ಕೆ ಡಯಾಲಿಸಿಸ್ ಬೇಕಾಯಿತು. ಪಕ್ಕದ ರಾಜ್ಯದ ಈ ಸುದ್ದಿ ನಮ್ಮ ಊರಿಗೆ ಬರಲಿಲ್ಲ, ಕೊಲೆಸ್ಟ್ರಾಲ್ ಮದ್ದು ಮಾತ್ರ ಬಂತು. ನನಗೆ ಸಂಕಟವಾಗುವುದು ಅದಕ್ಕೇ.

ಅಪ್ಪನಿಗೆ ನಾಲ್ಕು ಸಲ ಡಯಾಲಿಸಿಸ್ ಆಯಿತು. ಈಗ ಕ್ರಿಯೇಟಿನಿನ್ 1.4ಕ್ಕೆ ಬಂದು ನಿಂತಿದೆ.

ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ರಸ, ಕಷಾಯ, ಪುಡಿ ಏನೇ ತಗೊಳ್ಳುತ್ತಿದ್ದರೂ ಡಾಕ್ಟರಿಗೆ ಹೇಳಿ. ಕುಡಿದವರಿಗೆ ಬಿಕ್ಕಳಿಕೆ ನಿಲ್ಲದೆ ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯಬೇಡಿ. ನಾವು ಕಾದೆವು.