ಎಕರೆ-ಗುಂಟೆ ಕೂಡೋಕೆ ಮೂರು ದಾರಿ

ನಮ್ಮ ಚಿಕ್ಕಪ್ಪ ಮಂಡ್ಯದಲ್ಲಿ ಪತ್ರ ಬರಹಗಾರರು. ಪಾಲುಪಟ್ಟಿ ಬರೆಯುವಾಗ ಏಳೆಂಟು ಸರ್ವೆ ನಂಬರಿನ ವಿಸ್ತೀರ್ಣ ಕೂಡಬೇಕು. ಪಹಣಿಯಲ್ಲಿ 1.25 ಅಂದರೆ ಒಂದೂಕಾಲು ಎಕರೆ ಅಲ್ಲ, 1 ಎಕರೆ 25 ಗುಂಟೆ. 40 ಗುಂಟೆಗೆ ಒಂದು ಎಕರೆ. ಅಂಥ ಎರಡು ಕೂಡಿದರೆ 3 ಎಕರೆ 10 ಗುಂಟೆ, ಕ್ಯಾಲ್ಕುಲೇಟರ್ 2.50 ಅನ್ನುತ್ತೆ. ಏನಾದರೂ ಮಾಡಿಕೊಡು ಅಂದರು. ಮೂರು ಥರ ಮಾಡಿ ನೋಡಿದೆ.

ಮೊದಲು ಸ್ಪ್ರೆಡ್‌ಶೀಟ್. 1.10 ಅಂತ ಹೊಡೆದರೆ ಕೊನೆಯ ಸೊನ್ನೆ ನುಂಗಿ 1.1 ಮಾಡಿತು, ಹತ್ತು ಗುಂಟೆ ಒಂದೇ ಗುಂಟೆ ಆದಂತೆ. ಅಣ್ಣತಮ್ಮಂದಿರು ಕೋರ್ಟು ಹತ್ತೋಕೆ ಒಂಬತ್ತು ಗುಂಟೆ ಧಾರಾಳ ಸಾಕು. ಎಕರೆಗೊಂದು ಗುಂಟೆಗೊಂದು ಕಾಲಂ ಮಾಡಿದೆ. ಚಿಕ್ಕಪ್ಪ ಸೂತ್ರದ ಸೆಲ್ ಮೇಲೇ ಹೊಡೆದು ಸೂತ್ರ ಅಳಿಸಿ ಕೂತರು.

ಆಮೇಲೆ ರಿಯಾಕ್ಟ್, ವೆಬ್ ಪುಟ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ. ಹೊಟ್ಟೆಪಾಡಿನ ಕೆಲಸ ಅದರಲ್ಲೇ, ಹಾಗಾಗಿ ಕೈ ಅಲ್ಲಿಗೇ ಹೋಯಿತು. ಬರೆಯೋಕೇನೋ ಸುಖ: ಸಾಲು ಸೇರಿಸಿ, ತೆಗೆಯಿರಿ, ಮೊತ್ತ ತಾನೇ ಬದಲಾಗುತ್ತೆ. ವೀಟ್ ಅನ್ನೋ ಸಲಕರಣೆಯಲ್ಲಿ ಬಿಲ್ಡ್ ಮಾಡಿ (ಬರೆದ ಕೋಡನ್ನು ಬ್ರೌಸರಿಗೆ ಒಪ್ಪೋ ಫೈಲುಗಳಾಗಿಸಿ), ಪೆನ್‌ಡ್ರೈವ್‌ನಲ್ಲಿ ಒಯ್ದು ಚಿಕ್ಕಪ್ಪನ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದೆ.

"ಏನ್ಲಾ, ಬರೀ ಬೆಳ್ಳಗದಲ್ಲ?"

ತಪ್ಪು ನನ್ನದೇ. ಬಿಲ್ಡ್ ಆಗಿದ್ದು ಮಾಡ್ಯೂಲ್ ಸ್ಕ್ರಿಪ್ಟು, ಪುಟ ಬೇರೆ ಫೈಲಿನಿಂದ ಎಳೆದುಕೊಳ್ಳೋ ಕೋಡು. ಸರ್ವರ್ ಇಲ್ಲದೆ ಫೈಲಿನಿಂದ ನೇರ ತೆರೆದರೆ ಬ್ರೌಸರು ಅದನ್ನು ಒಳಗೆ ಬಿಡಲ್ಲ. ಒಂದು ಕೂಡುವ ಲೆಕ್ಕಕ್ಕೆ ಸರ್ವರ್ ಹಾಕೋಕೆ ಮನಸ್ಸಾಗಲಿಲ್ಲ.

ಮೂರನೆಯದು ಒಂದೇ ಎಚ್‌ಟಿಎಂಎಲ್ (ವೆಬ್ ಪುಟದ) ಫೈಲು. ಸ್ಟೈಲು, ಸ್ಕ್ರಿಪ್ಟು ಎಲ್ಲ ಅದರೊಳಗೇ, ಒಟ್ಟು 6 ಕೆಬಿ. ಹೊಡೆದದ್ದನ್ನು ಸಂಖ್ಯೆ ಮಾಡದೆ ಅಕ್ಷರವಾಗಿಯೇ ಹಿಡಿದು ಚುಕ್ಕಿಯಲ್ಲಿ ಸೀಳುತ್ತೇನೆ: ಎಡದ್ದು ಎಕರೆ, ಬಲದ್ದು ಗುಂಟೆ. ಎಲ್ಲವನ್ನೂ ಗುಂಟೆಗೆ ತಂದು ಕೂಡಿ 40ರಿಂದ ಭಾಗಿಸಿದರೆ ಭಾಗಲಬ್ಧ ಎಕರೆ, ಶೇಷ ಗುಂಟೆ. ಗುಂಟೆ 40 ಮುಟ್ಟಿದರೆ ಖಾನೆ ಕೆಂಪು. ಚುಕ್ಕಿಯ ಬಲಕ್ಕೆ ಒಂದೇ ಅಂಕಿ ಇದ್ದರೂ ಕೆಂಪು, 1.1 ಅಂದರೆ ಒಂದು ಗುಂಟೆಯೋ ಹತ್ತೋ, ಅದನ್ನು ನಾನ್ಯಾಕೆ ತೀರ್ಮಾನ ಮಾಡಲಿ?

ಇದರಲ್ಲೂ ಪೆಟ್ಟು ತಿಂದೆ. ಒಂದೊಂದು ಅಂಕಿ ಹೊಡೆದಾಗಲೂ ಇಡೀ ಪಟ್ಟಿಯನ್ನು ಇನ್ನರ್‌ಎಚ್‌ಟಿಎಂಎಲ್‌ನಿಂದ ಹೊಸದಾಗಿ ಬರೆಸುತ್ತಿದ್ದೆ, ಹಳೆಯದನ್ನೆಲ್ಲ ಅಳಿಸಿ ಮತ್ತೆ ತುಂಬೋ ದಾರಿ ಅದು. ಕರ್ಸರ್ ಮಾಯ, ಫೋನಿನಲ್ಲಾದರೆ ಕೀಬೋರ್ಡೇ ಮುಚ್ಚಿಕೊಳ್ಳೋದು. ಮೊತ್ತದ ಜಾಗವನ್ನಷ್ಟೇ ಬದಲಿಸಿದ ಮೇಲೆ ಸರಿಹೋಯಿತು. ರಿಯಾಕ್ಟ್‌ನಲ್ಲಿ ಈ ತಲೆನೋವೇ ಇರಲಿಲ್ಲ, ಒಪ್ಪಿಕೊಳ್ಳಬೇಕು. ನೂರಾರು ಸಾಲು, ನಾಲ್ಕೈದು ಪರದೆ ಇರೋ ಕೆಲಸವಾದರೆ ಇವತ್ತೂ ಅದನ್ನೇ ಹಿಡೀತೀನಿ.

ಈಗ ಚಿಕ್ಕಪ್ಪನಿಗೆ ಆಣೆಯೂ ಬೇಕಂತೆ, 16 ಆಣೆಗೆ ಒಂದು ಗುಂಟೆ. ಹೋದ ಭಾನುವಾರ ಅವರ ಕಂಪ್ಯೂಟರಿನಲ್ಲೇ ನೋಟ್‌ಪ್ಯಾಡ್ ತೆರೆದು ಸೇರಿಸಿದೆ. ತರಿಸಿದ್ದ ಕಾಫಿ ಇನ್ನೂ ಬಿಸಿ ಇತ್ತು.