ಪೈಥಾನ್‌ನ ಝೋನ್‌ಇನ್ಫೋ: ಮೈಸೂರು ಮತ್ತು ನ್ಯೂಜೆರ್ಸಿ ಮಧ್ಯೆ ಬಳಸಿ ನೋಡಿದ ಮೇಲೆ

ಟೈಮ್‌ಝೋನ್ ಲೆಕ್ಕಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಏನು ಬಳಸಲಿ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ, ಝೋನ್‌ಇನ್ಫೋ ಅನ್ನೋ ಲೈಬ್ರರಿ. 2020ರಲ್ಲಿ ಬಂದ ಪೈಥಾನ್ 3.9ರಿಂದ ಇದು ಭಾಷೆಯ ಜೊತೆಗೇ ಸಿಗುತ್ತದೆ.

ನನಗೆ ಇದು ಬೇಕಾದದ್ದು ಮನೆ ಕೆಲಸಕ್ಕೆ. ನಮ್ಮ ಅತ್ತಿಗೆ ಮೈಸೂರಿನಿಂದ ನ್ಯೂಜೆರ್ಸಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ವೀಣೆ ಹೇಳಿಕೊಡುತ್ತಾರೆ. ಕ್ಲಾಸ್ ಶನಿವಾರ ಬೆಳಿಗ್ಗೆ 9ಕ್ಕೆ, ಅಲ್ಲಿಯ ಗಡಿಯಾರದ ಪ್ರಕಾರ. ಚಳಿಗಾಲದಲ್ಲಿ ಅದು ನಮಗೆ ಸಂಜೆ 7:30. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅದೇ ಕ್ಲಾಸ್ ನಮಗೆ 6:30ಕ್ಕೆ. ಎರಡೂ ಕಡೆಯವರಿಗೆ ಅವರವರ ಸಮಯದಲ್ಲಿ ನೆನಪಿನ ಮೆಸೇಜ್ ಕಳಿಸುವ ಸ್ಕ್ರಿಪ್ಟ್ ನನ್ನದು.

ಹತ್ತೂವರೆ ಗಂಟೆ ಕೂಡಿಸಿದರೆ ಆಯ್ತಲ್ವಾ ಅನ್ನಿಸಬಹುದು. ಅದು ಚಳಿಗಾಲಕ್ಕೆ ಮಾತ್ರ ಸರಿ. ಝೋನ್‌ಇನ್ಫೋಗೆ ಗಂಟೆ ಹೇಳಬೇಕಿಲ್ಲ, ಊರು ಹೇಳಿದರೆ ಸಾಕು. ನ್ಯೂಜೆರ್ಸಿಗೂ ನ್ಯೂಯಾರ್ಕ್‌ನದೇ ಸಮಯ, ಹಾಗಾಗಿ 'ಅಮೆರಿಕ/ನ್ಯೂಯಾರ್ಕ್' ಅಂತ ಕೊಟ್ಟರೆ ಆ ದಿನ ಅಲ್ಲಿ ಯಾವ ನಿಯಮ ಇತ್ತು ಅಂತ ಅದೇ ನೋಡಿಕೊಳ್ಳುತ್ತದೆ. ನಾನು ಇದನ್ನು ಪರೀಕ್ಷಿಸುವುದು 1710000000 ಅನ್ನೋ ಟೈಮ್‌ಸ್ಟ್ಯಾಂಪ್‌ನಿಂದ. 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಅವು. ಕೋಲ್ಕತಾ ಝೋನ್‌ನಲ್ಲಿ (ಭಾರತದ ಸಮಯಕ್ಕೆ ಇಲ್ಲಿರುವ ಹೆಸರು ಅದೇ) 2024ರ ಮಾರ್ಚ್ 9, ಶನಿವಾರ ರಾತ್ರಿ 9:30 ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಅದೇ ದಿನ ಬೆಳಿಗ್ಗೆ 11. ಈಗ 86400 ಸೆಕೆಂಡು, ಅಂದರೆ 24 ಗಂಟೆ ಕೂಡಿಸಿ. ನಮ್ಮಲ್ಲಿ ಭಾನುವಾರ ರಾತ್ರಿ 9:30, ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ 12. ಆ ನಸುಕಿನಲ್ಲೇ ಅಲ್ಲಿ ಗಡಿಯಾರ ಬದಲಾಗಿತ್ತು. ಎರಡೂ ಉತ್ತರ ಸರಿಯಾಗಿ ಬರುವುದನ್ನು ನೋಡುವುದೇ ಒಂದು ಖುಷಿ.

ಹಳೆಯ ಪ್ರಾಜೆಕ್ಟ್‌ಗಳಲ್ಲಿ ಇನ್ನೂ ಪೈಟಿಝಡ್ ಇರುತ್ತದೆ. ಎಷ್ಟೋ ವರ್ಷ ಎಲ್ಲರ ಕೆಲಸ ನಡೆಸಿದ ಲೈಬ್ರರಿ ಅದು. ಆದರೆ ಅದರ ಝೋನ್ ಅನ್ನು ನೇರವಾಗಿ ಡೇಟ್‌ಟೈಮ್ (ದಿನಾಂಕ ಮತ್ತು ಸಮಯ ಇಡುವ ಪೈಥಾನ್‌ನ ವಸ್ತು) ಒಳಗೆ ಇಟ್ಟರೆ ಕೋಲ್ಕತಾ ಯುಟಿಸಿಗಿಂತ (ಜಗತ್ತಿನ ಪ್ರಮಾಣ ಸಮಯ) 5:30 ಗಂಟೆ ಮುಂದಿರುವ ಬದಲು 5:53 ಮುಂದಿರುತ್ತದೆ. ಈ ಲೈಬ್ರರಿಗಳು ಓದುವ ಟೈಮ್‌ಝೋನ್ ಪಟ್ಟಿಯಲ್ಲಿ ಕೋಲ್ಕತಾದ ಮೊದಲ ನಮೂದು ಐಎಸ್‌ಟಿ (ಭಾರತೀಯ ಪ್ರಮಾಣ ಸಮಯ) ಇಲ್ಲದ ಕಾಲದ ಸ್ಥಳೀಯ ಸಮಯ. ಪೈಟಿಝಡ್ ಅದನ್ನೇ ಎತ್ತಿಕೊಡುತ್ತದೆ. ಸಂಜೆ 7:30ರ ಕ್ಲಾಸ್ ಯುಟಿಸಿಯಲ್ಲಿ 14:00 ಆಗುವ ಬದಲು 13:37 ಆಗುತ್ತದೆ. ಇದನ್ನು ತಪ್ಪಿಸಲು ಲೋಕಲೈಝ್ ಅನ್ನೋ ಫಂಕ್ಷನ್ ಬಳಸಬೇಕು, ಪ್ರತಿ ಸಲವೂ. ಝೋನ್‌ಇನ್ಫೋದಲ್ಲಿ ಈ ತಲೆನೋವು ಇಲ್ಲ. ನೇರವಾಗಿ ಇಡಿ, 5:30 ಬರುತ್ತದೆ. ನಾನು ಬದಲಾಯಿಸಲು ಇದೊಂದೇ ಕಾರಣ ಸಾಕಾಯಿತು.

ಝೋನ್‌ಇನ್ಫೋ ಹಿಂದಿರುವ ಆ ಪಟ್ಟಿ ಐಎಎನ್‌ಎ (ಇಂಟರ್ನೆಟ್‌ನ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಸಂಸ್ಥೆ) ಪ್ರಕಟಿಸುವ ಟೈಮ್‌ಝೋನ್ ಪಟ್ಟಿ. ಆರ್ಥರ್ ಡೇವಿಡ್ ಓಲ್ಸನ್ ಶುರು ಮಾಡಿದ್ದು, ನಂತರ ಪಾಲ್ ಎಗರ್ಟ್ ನೋಡಿಕೊಂಡು ಬಂದಿದ್ದಾರೆ. ಯಾವ ದೇಶ ಯಾವಾಗ ಗಡಿಯಾರ ಬದಲಿಸಿತು ಅನ್ನೋದನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟವರ ಬಗ್ಗೆ ನನಗೆ ತುಂಬಾ ಗೌರವ. 1943ರ ಜೂನ್‌ನ ಒಂದು ದಿನಾಂಕ ಕೊಟ್ಟು ಕೋಲ್ಕತಾ ಕೇಳಿ ನೋಡಿ, 6:30 ಅನ್ನುತ್ತದೆ. ಯುದ್ಧದ ಆ ವರ್ಷಗಳಲ್ಲಿ ಭಾರತದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಅಜ್ಜ ಅಜ್ಜಿಯರ ಕಾಲದ ಜಾತಕ ಹಾಕುವ ಪ್ರೋಗ್ರಾಂ ಬರೆಯುವವರು ಇದನ್ನು ಬಿಡಲೇಬಾರದು.

ಕೊರತೆಗಳೂ ಇವೆ. ಒಂದೇ ಝೋನ್‌ನ ಎರಡು ಸಮಯಗಳನ್ನು ಕಳೆದರೆ ಪೈಥಾನ್ ಗೋಡೆ ಗಡಿಯಾರದ ವ್ಯತ್ಯಾಸ ಕೊಡುತ್ತದೆ, ನಿಜವಾಗಿ ಕಳೆದ ಸಮಯವನ್ನಲ್ಲ. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಕಳೆದದ್ದು 5 ಗಂಟೆ, ಉತ್ತರ ಬರುವುದು 6. ಎರಡನ್ನೂ ಮೊದಲು ಯುಟಿಸಿಗೆ ತಿರುಗಿಸಿ ಆಮೇಲೆ ಕಳೆಯಬೇಕು. ಇದು ಡೇಟ್‌ಟೈಮ್‌ನ ಹಳೆಯ ನಿಯಮ, ಝೋನ್‌ಇನ್ಫೋ ಅದನ್ನು ಬದಲಿಸಿಲ್ಲ. ಸಂಬಳ ಅಥವಾ ಬಾಡಿಗೆಯನ್ನು ಗಂಟೆ ಲೆಕ್ಕದಲ್ಲಿ ಹಾಕುವವರಿಗೆ ಇದು ದುಡ್ಡಿನ ವಿಷಯ. ಎಚ್ಚರಿಕೆಯೂ ಬರುವುದಿಲ್ಲ ಅನ್ನೋದು ನನಗೆ ಬೇಸರ.

ನವೆಂಬರ್‌ನಲ್ಲಿ ಗಡಿಯಾರ ಹಿಂದೆ ಹೋದಾಗ ರಾತ್ರಿ 1:30 ಎರಡು ಸಲ ಬರುತ್ತದೆ. ಯಾವುದು ಅಂತ ಫೋಲ್ಡ್ ಅನ್ನೋ ಗುರುತಿನಿಂದ ಹೇಳಬೇಕು: 0 ಅಂದರೆ ಮೊದಲನೆಯದು, 1 ಅಂದರೆ ಎರಡನೆಯದು. ಬೆಳಿಗ್ಗೆ 9ರ ಕ್ಲಾಸಿಗೆ ಇದರ ಗೊಡವೆ ಇಲ್ಲ.

ಮುಂದಿನ ಕ್ಲಾಸ್‌ಗಳನ್ನು ಡೇಟಾಬೇಸ್‌ನಲ್ಲಿ ನಾನು ಟೈಮ್‌ಸ್ಟ್ಯಾಂಪ್ ಆಗಿ ಇಡುವುದಿಲ್ಲ. 'ಶನಿವಾರ 9 ಗಂಟೆ, ನ್ಯೂಯಾರ್ಕ್' ಅಂತಲೇ ಇಡುತ್ತೇನೆ. ಅಮೆರಿಕ ನಾಳೆ ನಿಯಮ ಬದಲಿಸಿದರೂ ಪಟ್ಟಿ ಅಪ್‌ಡೇಟ್ ಮಾಡಿದರೆ ಸಾಕು. ಮುಗಿದ ಕ್ಲಾಸ್‌ಗಳಿಗೆ ಮಾತ್ರ ಟೈಮ್‌ಸ್ಟ್ಯಾಂಪ್.

ವಿಂಡೋಸ್‌ನಲ್ಲಿ ಬಳಸುವವರು ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಟಿಝಡ್‌ಡೇಟಾ ಅನ್ನೋ ಪಟ್ಟಿಯ ಪ್ಯಾಕೇಜ್ ಹಾಕಿಕೊಳ್ಳಿ, ಇಲ್ಲದಿದ್ದರೆ ಝೋನ್ ಸಿಗಲಿಲ್ಲ ಅಂತ ಎರರ್ ಬರುತ್ತದೆ. ಜ್ಯಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಬಳಸುವವರಿಗೆ 4.0ರಿಂದ ಝೋನ್‌ಇನ್ಫೋನೇ ಡೀಫಾಲ್ಟ್, 5.0ರಲ್ಲಿ ಪೈಟಿಝಡ್ ಬೆಂಬಲ ತೆಗೆದೇ ಹಾಕಿದ್ದಾರೆ. ಹಳೆಯ ಕೋಡ್ ಇದ್ದರೆ ಲೋಕಲೈಝ್ ಇರುವ ಸಾಲುಗಳನ್ನು ಹುಡುಕುವುದರಿಂದ ಶುರು ಮಾಡಿ.