ಔಟರ್‌ನಲ್ಲಿ ಒಂದೂವರೆ ಗಂಟೆ: ನನ್ನ ಪಾಸ್ ಗಾಡಿಗೆ ಎರಡೂವರೆ ಸ್ಟಾರ್

ನಾಲ್ಕು ವರ್ಷದಿಂದ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ಯಾವ ಗಾಡಿ ಅಂತ ಹೇಳುವುದಿಲ್ಲ, ಈಗಲೇ ಕೂರೋಕೆ ಜಾಗ ಸಿಗುವುದಿಲ್ಲ. ಬೇರೆ ದಿನ ಚೆನ್ನಾಗಿಯೇ ಇರುತ್ತದೆ, ಬಸ್ಸಿಗಿಂತ ಎಷ್ಟೋ ಅಗ್ಗ. ಈ ರಿವ್ಯೂ ಸಿಗ್ನಲ್ ಕೆಟ್ಟ ದಿನದ್ದು.

ಕಳೆದ ಮಂಗಳವಾರ ಬೆಳಗ್ಗೆ ಎಂಟಕ್ಕೆ ಗಾಡಿ ಔಟರ್‌ನಲ್ಲಿ, ಅಂದರೆ ಸ್ಟೇಷನ್ನಿಗೆ ಸ್ವಲ್ಪ ಮುಂಚಿನ ಸಿಗ್ನಲ್ ಹತ್ತಿರ, ನಿಂತಿತು. ಮೊದಲ ಹತ್ತು ನಿಮಿಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಮುಂದೆ ಯಾವುದೋ ಎಕ್ಸ್‌ಪ್ರೆಸ್ ಬಿಡುತ್ತಿರಬೇಕು ಅಂದುಕೊಂಡೆವು. ಅರ್ಧ ಗಂಟೆಯಾಯಿತು. ಆ್ಯಪ್ ತೆಗೆದು ನೋಡಿದರೆ, ಹಿಂದಿನ ಸ್ಟೇಷನ್ ದಾಟಿದ ಹೊತ್ತನ್ನೇ ಹಿಡಿದುಕೊಂಡು 'ಸರಿಯಾದ ಸಮಯಕ್ಕೆ ಓಡುತ್ತಿದೆ' ಅಂತ ತೋರಿಸುತ್ತಿತ್ತು. ಕೊನೆಗೆ ಡಬ್ಬ ಖಾಲಿಯಾದ ಇಡ್ಲಿಯವನೇ ಕೆಳಗಿಳಿದು, ಇಂಜಿನ್ ತನಕ ಹೋಗಿ ಸುದ್ದಿ ತಂದ. "ಸಿಗ್ನಲ್ ಫೇಲ್ ಅಂತೆ ಸಾರ್, ರಾತ್ರಿ ಮಳೆಗೆ." ನಮಗೆ ಸಿಕ್ಕ ಅನೌನ್ಸ್‌ಮೆಂಟ್ ಅಷ್ಟೇ.

ತಡವಾಗಿದ್ದಕ್ಕೆ ನಾನು ಬೈಯುವುದಿಲ್ಲ. ಹಳಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ, ಮೇಲೆ ಗಾಡಿಯ ಚಕ್ರ ಬಂದರೆ ಆ ಕರೆಂಟ್ ಚಕ್ರದ ಮೂಲಕ ಅಲ್ಲೇ ಇನ್ನೊಂದು ಹಳಿಗೆ ದಾಟಿಬಿಡುತ್ತದೆ, ಆಚೆ ತುದಿಯ ರಿಲೇಗೆ (ಕರೆಂಟ್ ಬಂತಾ ಅಂತ ನೋಡುವ ಸ್ವಿಚ್ಚಿಗೆ) ಮುಟ್ಟುವುದಿಲ್ಲ, ಸಿಗ್ನಲ್ ಕೆಂಪಾಗುತ್ತದೆ. ಮಳೆ ನೀರು ನಿಂತರೂ ಅದೇ ಕೆಂಪು, ಯಾರೋ ಕೇಬಲ್ ಕತ್ತರಿಸಿಕೊಂಡು ಹೋದರೂ ಅದೇ ಕೆಂಪು. ಹಳಿ ಮೇಲೆ ಇರುವುದು ಗಾಡಿಯೋ ನೀರೋ ಅದಕ್ಕೆ ತಿಳಿಯುವುದಿಲ್ಲ, ತಿಳಿಯದಿದ್ದಾಗ ನಿಲ್ಲಿಸಬೇಕು ಅಂತಲೇ ಅದನ್ನು ಮಾಡಿರುವುದು. ಕೆಲವು ಕಡೆ ಇದರ ಬದಲು ಆಕ್ಸಲ್ ಕೌಂಟರ್, ಅಂದರೆ ಚಕ್ರದ ಅಚ್ಚು ಎಣಿಸುವ ಯಂತ್ರ, ಇರುತ್ತದೆ. ಒಳಗೆ ಹೋದ ಅಚ್ಚಿಗೂ ಹೊರಗೆ ಬಂದ ಅಚ್ಚಿಗೂ ಲೆಕ್ಕ ತಾಳೆಯಾಗದಿದ್ದರೆ ಅದೂ ಬಿಡುವುದಿಲ್ಲ.

"ಡ್ರೈವರ್ ಸುಮ್ನೆ ನಿಧಾನಕ್ಕೆ ಹೋಗಬಾರದಾ?" ಅಂತ ಒಬ್ಬರು ಕೂಗಾಡುತ್ತಿದ್ದರು. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಬೆಳಗ್ಗೆಯಿಂದ ಆಟೊಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು. ಕೆಂಪು ದಾಟಲು ಚೀಟಿ ಪಡೆದು ಹೊರಟ ಗೂಡ್ಸ್ ಗಾಡಿ, ಮುಂದಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಅದನ್ನು ನೆನೆಸಿಕೊಂಡರೆ ಔಟರ್‌ನಲ್ಲಿ ಕೂರುವುದೇ ವಾಸಿ, ಅಲ್ವಾ?

ಒಂಬತ್ತು ಇಪ್ಪತ್ತರ ಹೊತ್ತಿಗೆ ಪಾಯಿಂಟ್ಸ್‌ಮನ್ ಹಳಿ ಪಕ್ಕದ ಜಲ್ಲಿಯ ಮೇಲೆ ನಡೆದು ಬಂದರು. ಪ್ಯಾಂಟ್ ಮೊಣಕಾಲ ತನಕ ಒದ್ದೆ. ಕಂಕುಳಲ್ಲಿ ಹಸಿರು ಬಾವುಟ, ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿದ ಚೀಟಿ. ಪಾಯಿಂಟ್‌ಗೆ, ಅಂದರೆ ಹಳಿ ಕವಲೊಡೆಯುವ ಜಾಗಕ್ಕೆ, ಅಲುಗಾಡದಂತೆ ಕ್ಲಾಂಪ್ ಹಾಕಿ, ಬೀಗ ಜಡಿದು ಬಂದಿರಬೇಕು, ಕೈಗೆಲ್ಲ ಗ್ರೀಸ್. ಲೋಕೋ ಪೈಲಟ್ ಚೀಟಿ ಓದಿ ಸಹಿ ಹಾಕಿದ ಮೇಲೆ ಗಾಡಿ ಎತ್ತಿನ ಗಾಡಿಯಂತೆ ಹೊರಟಿತು.

ಎರಡು ಸ್ಟಾರ್ ಆ ಮನುಷ್ಯನಿಗೆ, ಅರ್ಧ ಇಡ್ಲಿಯವನಿಗೆ. ಉಳಿದ ಎರಡೂವರೆ ಹೋಗಿದ್ದು ರೈಲ್ವೆಯವರು ಬಾಯಿಬಿಡದೆ ಕೂತಿದ್ದಕ್ಕೆ. ಒಂದು ಮೆಸೇಜ್ ಹಾಕಿದ್ದರೆ ಅರ್ಧ ಬೋಗಿ ಆಫೀಸಿಗೆ ಹೇಳಿ ನೆಮ್ಮದಿಯಾಗಿ ಕೂರುತ್ತಿತ್ತು. ಪಕ್ಕದ ಹುಡುಗಿಗೆ ಹತ್ತಕ್ಕೆ ಇಂಟರ್‌ವ್ಯೂ ಇತ್ತು, ಪಾಪ, ಕಾಯಬೇಕೋ ಇಳಿದು ರಸ್ತೆಗೆ ನಡೆಯಬೇಕೋ ಅಂತಲೇ ಗೊತ್ತಾಗದೆ ಒದ್ದಾಡಿದಳು. ರಿಸರ್ವೇಶನ್ ಇದ್ದವರಿಗೆ ಗಾಡಿ ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ಅವರು ಹತ್ತದೇ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಪಾಸಿನವರಿಗೆ ಆ ಭಾಗ್ಯವೂ ಇಲ್ಲ.

ಹೊಸದಾಗಿ ಪಾಸ್ ಮಾಡಿಸುವವರು ನೀರಿನ ಬಾಟಲ್ ಇಟ್ಟುಕೊಳ್ಳಿ, ಇಡ್ಲಿಯವನು ಹತ್ತುವ ಬೋಗಿಯಲ್ಲೇ ಕೂರಿ. ಇಂಜಿನ್‌ನಿಂದ ಮೂರನೆಯದು.